ಟಾಮ್‌ನ ಹುಬ್ಬು ಮಾತಾಡುತ್ತದೆ

ಮುಂದಿನ ಸಲ ಮನೆಯಲ್ಲಿ ಮಕ್ಕಳು 'ಟಾಮ್ ಅಂಡ್ ಜೆರ್ರಿ' ಹಾಕಿದಾಗ ಟಾಮ್‌ನ ಹುಬ್ಬನ್ನಷ್ಟೇ ನೋಡಿ. ದಪ್ಪ ಕಪ್ಪು ಹುಬ್ಬು. ಕೆಳಗಿಳಿದರೆ ಸಿಟ್ಟು, ನಡುವೆ ಮೇಲೆದ್ದರೆ ಗೋಗರೆತ, ಒಂದೇ ಏರಿದರೆ ಏನೋ ಕಿತಾಪತಿ. ಬೆಕ್ಕು ಬಾಯಿ ಬಿಡುವುದೇ ಬೇಡ.

ಅದು ಮೊದಲಿನಿಂದ ಹೀಗಿರಲಿಲ್ಲ. ವಿಲಿಯಂ ಹ್ಯಾನಾ, ಜೋಸೆಫ್ ಬಾರ್ಬೆರಾ ಜೋಡಿ 1940ರಲ್ಲಿ ಮಾಡಿದ ಮೊದಲ ಚಿತ್ರ 'ಪಸ್ ಗೆಟ್ಸ್ ದ ಬೂಟ್'. ಅದರಲ್ಲಿ ಬೆಕ್ಕಿನ ಹೆಸರು ಜಾಸ್ಪರ್. ಮೈತುಂಬ ಕೆದರಿದ ರೋಮ, ಮುಖದ ತುಂಬ ಸಣ್ಣ ಗೆರೆ. ಏಳೆಂಟು ನಿಮಿಷದ ಚಿತ್ರಕ್ಕೆ ಸಾವಿರಾರು ಚಿತ್ರಗಳನ್ನು ಕೈಯಲ್ಲೇ ಬರೆಯಬೇಕು, ಒಂದು ಗೆರೆ ಹೆಚ್ಚಾದರೆ ಅದೂ ಸಾವಿರಾರು ಸಲ. ಹಾಗಾಗಿ ಮುಂದಿನ ವರ್ಷಗಳಲ್ಲಿ ರೋಮ ಹೋಯಿತು, ಹುಬ್ಬು ಉಳಿಯಿತು. (ನಮ್ಮ ಆಫೀಸಿನಲ್ಲಿ ಇದನ್ನೇ ಕೋಡ್ ರಿಫ್ಯಾಕ್ಟರ್ ಅನ್ನುತ್ತೇವೆ, ಇಷ್ಟು ಚೆನ್ನಾಗಿ ಮಾಡುವುದಿಲ್ಲ.) ಟಾಮ್‌ನ ಪಂಜ ಬಿಳಿ, ಮೈ ಬೂದು, ಕೈಸನ್ನೆ ಎದ್ದು ಕಾಣುತ್ತದೆ. ಮಿಕ್ಕಿ ಮೌಸ್‌ಗೆ 1929ರಲ್ಲಿ ಬಿಳಿ ಕೈಚೀಲ ತೊಡಿಸಿದ್ದರಿಂದಲೂ ಇದೇ ಲಾಭ: ಕಪ್ಪು ಮೈಯ ಮುಂದೆ ಕಪ್ಪು ಕೈ ಕಾಣುತ್ತಿರಲಿಲ್ಲ.

ಧಾರಾವಿಯಲ್ಲಿ ನಾವು ಕೆಲವರು ಭಾನುವಾರ ಕನ್ನಡ ತರಗತಿ ನಡೆಸುತ್ತೇವೆ. ಮಕ್ಕಳ ಊರು ಕಲಬುರಗಿ, ಯಾದಗಿರಿ ಕಡೆ. ಗಲ್ಲಿಯ ಭಾಷೆ ಹಿಂದಿ. ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದಿಲ್ಲ. ಪುಸ್ತಕ ತೆಗೆಯಿರಿ ಎಂದರೆ ಎಲ್ಲರೂ ಮೌನ. ಹಾಗಾಗಿ ಲ್ಯಾಪ್‌ಟಾಪಿನಲ್ಲಿ ಟಾಮ್‌ನನ್ನು ಓಡಿಸಿ, ನಡುವೆ ನಿಲ್ಲಿಸಿ, ಈಗ ಅದರ ಮನಸ್ಸಿನಲ್ಲಿ ಏನಿದೆ ಎಂದು ಕೇಳಿದೆ.

"ಬೆಕ್ಕಿಗಿ ಸಿಟ್ಟು ಬಂದದ ಸರ್."

"ಸಿಟ್ಟಲ್ಲ, ಅಂಜ್ಯಾದ. ಹುಬ್ಬು ನೋಡು!"

ಐದು ನಿಮಿಷ ಜಗಳ. ಪೂರ್ತಿ ಕನ್ನಡದಲ್ಲಿ.

ಆಮೇಲೆ ತೋರಿಸಿದ್ದು ನಮ್ಮ ಮುಂಬಯಿಯದೇ ಸರಕು: ಪೆಡ್ಡರ್ ರೋಡಿನ ಫಿಲ್ಮ್ಸ್ ಡಿವಿಷನ್ನಿನ 'ಏಕ್ ಅನೇಕ್ ಔರ್ ಏಕತಾ' (1974). ವಿಜಯಾ ಮುಳೆ, ಭೀಮ್‌ಸೈನ್ ಅವರ ಕೆಲಸ. ದೂರದರ್ಶನ ನೋಡಿ ಬೆಳೆದವರಿಗೆ ಬೇಡನ ಬಲೆಯನ್ನೇ ಹೊತ್ತು ಹಾರಿದ ಹಕ್ಕಿಗಳು ನೆನಪಿರುತ್ತವೆ. ಇಲ್ಲಿ ಟಾಮ್‌ನಂಥ ಹುಬ್ಬಿನ ಆಟವಿಲ್ಲ, ಚಲನೆಯೂ ಕಡಿಮೆ. ನನಗೆ ಮೆಚ್ಚುಗೆಯಾಗುವುದು ಬೇರೆ ವಿಷಯ. ಕತೆಯೇ ಒಂದು ಮತ್ತು ಹಲವು ಎಂಬುದರ ಮೇಲೆ ನಿಂತಿದೆ. ಹಾಗಾಗಿ ಹಕ್ಕಿ ಒಂಟಿಯಾಗಿದ್ದಾಗಲೂ ಗುರುತು ಸಿಗಬೇಕು, ಹಿಂಡಿನಲ್ಲಿ ಸೇರಿದಾಗ ಹಿಂಡಿನ ಆಕಾರವೇ ಮುಂದೆ ಬರಬೇಕು. ಪ್ರತಿ ಹಕ್ಕಿಗೂ ಟಾಮ್‌ನಷ್ಟು ಮುಖಭಾವ ಕೊಟ್ಟಿದ್ದರೆ ಬಲೆ ಏಳುತ್ತಲೇ ಇರಲಿಲ್ಲ ಅನ್ನಿಸುತ್ತದೆ. ಅಲ್ಲಿ ಪಾತ್ರ ಅಂದರೆ ಆ ಹಿಂಡು.

ತರಗತಿಗೆ ಇನ್ನೊಂದು ಅನುಕೂಲವೂ ಆಯಿತು. ಏಕವಚನ, ಬಹುವಚನ ಹೇಳಿಕೊಡಲು ನಾನು ಚಾರ್ಟ್ ಮಾಡಿಟ್ಟಿದ್ದೆ. ಅದನ್ನು ಬಿಚ್ಚುವ ಮೊದಲೇ ಹಿಂದಿನ ಸಾಲಿನಿಂದ "ಒಂದು ಹಕ್ಕಿ, ಭಾಳ ಹಕ್ಕಿಗೋಳು" ಎಂದು ಶುರುವಾಗಿತ್ತು.