ದೂರದ ಮನೆಗೆ ನಿಸ್ತಂತು ಸಂಪರ್ಕ

ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆಗಳ ಗ್ರಾಮಾಂತರದಲ್ಲಿ ಮನೆಗಳು ಬೀದಿ ಹಿಡಿದು ಸಾಲಾಗಿ ನಿಂತಿರುವುದಿಲ್ಲ. ಒಂದೊಂದು ಮನೆಯೂ ತನ್ನ ಅಡಕೆತೋಟದ ಮಗ್ಗುಲಲ್ಲಿ, ಎರಡು ಗುಡ್ಡಗಳ ನಡುವಣ ತಗ್ಗಿನಲ್ಲಿ ಒಂಟಿಯಾಗಿರುವುದೇ ಇಲ್ಲಿಯ ರೂಢಿ. ನೀರಿಗೂ ನೆಳಲಿಗೂ ಅನುಕೂಲವಾದ ಈ ವಾಸಕ್ರಮವು ಅಂತರ್ಜಾಲಕ್ಕೆ ಮಾತ್ರ ಪ್ರತಿಕೂಲವಾಗಿದೆ. ೨೦೨೦ರಲ್ಲಿ ಶಾಲೆಗಳು ಮುಚ್ಚಿ ಪಾಠವು ಮೊಬೈಲಿಗೆ ಬಂದಾಗ, ನಮ್ಮ ಕಡೆಯ ಎಷ್ಟೋ ಮಕ್ಕಳು ಪುಸ್ತಕ ಹಿಡಿದು ಗುಡ್ಡವೇರಿ ಕುಳಿತುದನ್ನು ವಾಚಕರು ಮರೆತಿರಲಾರರು. ರಸ್ತೆಬದಿಯ ಬಂಧುವಿನ ಮನೆಯವರೆಗೆ ಫೈಬರ್ ಬಂದಿದ್ದರೆ, ಸೇವೆ ಕೊಡುವವರ ಒಪ್ಪಿಗೆ ಪಡೆದು, ಅಲ್ಲಿಂದ ಮುಂದಕ್ಕೆ ಅದನ್ನು ಆಕಾಶಮಾರ್ಗವಾಗಿ ತರುವ ಉಪಕರಣಗಳು ಈಗ ದೊರೆಯುತ್ತವೆ. ಅವುಗಳನ್ನು ಆರಿಸುವ ಬಗೆಯನ್ನು ಇಲ್ಲಿ ವಿಚಾರಿಸೋಣ.

ಕೊಳ್ಳಹೊರಟವರು ಅಂಗಡಿಯಲ್ಲಿ ಮೊದಲು ಕೇಳುವುದು, "ಇದು ಎಷ್ಟು ಕಿಲೋಮೀಟರು ಹೋಗುತ್ತದೆ?" ಎಂದು. ಪೆಟ್ಟಿಗೆಯ ಮೇಲೆ ಹದಿನೈದೆಂದೋ ಇಪ್ಪತ್ತೆಂದೋ ಅಚ್ಚಾಗಿರುವುದುಂಟು. ಆದರೆ ಅದು ನಡುವೆ ಏನೂ ಇಲ್ಲದ ಬಯಲಿನ ಮಾತು. ನಾವು ಕೇಳತಕ್ಕ ಪ್ರಶ್ನೆ ಬೇರೆ: ಈ ತುದಿಯಿಂದ ಆ ತುದಿ ಕಾಣುತ್ತದೆಯೇ? ತಾರ್ಕಿಕರು ಪ್ರಮಾಣಗಳಲ್ಲಿ ಪ್ರತ್ಯಕ್ಷವನ್ನು ಮೊದಲು ಎಣಿಸುವರು. ಗೃಹಸ್ಥನೂ ಈ ವಿಷಯದಲ್ಲಿ ಹಾಗೆಯೇ ಮಾಡುವುದು ಲೇಸು. ಗಡಾಯಿಕಲ್ಲಿನಂಥ ಬಂಡೆ ನಡುವೆ ನಿಂತರೆ ಎಷ್ಟು ಬೆಲೆಯ ಯಂತ್ರವೂ ಅದನ್ನು ಭೇದಿಸದು.

ಕಣ್ಣಿಗೆ ಕಂಡಮಾತ್ರಕ್ಕೆ ಸಾಲದು. ತರಂಗಕ್ಕೆ ಬೇಕಾದ ದಾರಿಯು ಎಳೆದ ದಾರದಂತಿರದೆ, ತುದಿಗಳಲ್ಲಿ ಕಿರಿದಾಗಿ ನಡುವೆ ಮೃದಂಗದಂತೆ ಉಬ್ಬಿರುತ್ತದೆ. ಐದು ಕಿಲೋಮೀಟರು ದೂರಕ್ಕೆ, ೫.೮ ಗಿಗಾಹರ್ಟ್ಸ್ ಆವರ್ತನದಲ್ಲಿ, ನಡುದಾರಿಯಲ್ಲಿ ಈ ಉಬ್ಬಿನ ತ್ರಿಜ್ಯ ಸುಮಾರು ೮ ಮೀಟರು. ಅದರ ಹತ್ತರಲ್ಲಿ ಆರು ಪಾಲಾದರೂ, ಎಂದರೆ ಸುಮಾರು ೫ ಮೀಟರು, ನಿರ್ಬಾಧವಾಗಿರಬೇಕು. ಆದಕಾರಣ ದೃಷ್ಟಿರೇಖೆಯು ಅಡಕೆಯ ತಲೆಗಳನ್ನು ಸವರಿಕೊಂಡು ಹೋದರೆ ಪ್ರಯೋಜನವಿಲ್ಲ. ಅವುಗಳಿಗಿಂತ ೫ ಮೀಟರು ಮೇಲೆ ಹೋಗಬೇಕು. ತೋಟ ಎಳೆಯದಾದರೆ ಮುಂದಿನ ಹತ್ತು ವರ್ಷಗಳ ಬೆಳವಣಿಗೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ರಬ್ಬರು ತೋಟಗಳ ವಿಷಯದಲ್ಲಿ ವಿಶೇಷ ಎಚ್ಚರ ಅವಶ್ಯ. ಚಳಿಗಾಲದಲ್ಲಿ ಎಲೆಯುದುರಿದಾಗ ಪರೀಕ್ಷಿಸಿದರೆ ಸಂಪರ್ಕವು ಸೊಗಸಾಗಿಯೇ ತೋರುವುದು. ಚಿಗುರು ತುಂಬಿ, ಮಳೆಗೆ ಎಲೆ ನೆನೆದಾಗ ಅದೇ ಸಂಪರ್ಕ ಕ್ಷೀಣಿಸುವುದು. ಪರೀಕ್ಷೆಯನ್ನು ಎಲೆ ತುಂಬಿದ ಕಾಲದಲ್ಲಿ ಮಾಡುವುದೇ ಯುಕ್ತ.

ಇನ್ನು ಆವರ್ತನದ ಆಯ್ಕೆ. ನಮ್ಮ ದೇಶದಲ್ಲಿ ೨.೪ ಗಿಗಾಹರ್ಟ್ಸ್ ಪಟ್ಟಿಯನ್ನು ೨೦೦೫ರಲ್ಲಿಯೂ, ೫ ಗಿಗಾಹರ್ಟ್ಸಿನ ವಿಶಾಲ ಭಾಗವನ್ನು ೨೦೧೮ರಲ್ಲಿಯೂ ಲೈಸೆನ್ಸಿಲ್ಲದೆ ಬಳಸಲು ಸರಕಾರವು ಬಿಟ್ಟುಕೊಟ್ಟಿತು. ಶಕ್ತಿಗೆ ಮಾತ್ರ ಮಿತಿಯುಂಟು. ಮೊದಲನೆಯದರಲ್ಲಿ ಮನೆಮನೆಯ ವೈ-ಫೈಗಳ ಗದ್ದಲ ಹೆಚ್ಚು. ಆದುದರಿಂದ ದೂರದ ಸಂಪರ್ಕಕ್ಕೆ ಸಾಮಾನ್ಯವಾಗಿ ಎರಡನೆಯದೇ ಮೇಲು. ೬೦ ಗಿಗಾಹರ್ಟ್ಸಿನ ಉಪಕರಣಗಳು ಬಹಳ ವೇಗವುಳ್ಳವು. ಅವುಗಳ ತರಂಗದ ಉದ್ದ ಐದು ಮಿಲಿಮೀಟರು. ಜಗದೀಶಚಂದ್ರ ಬೋಸರು ೧೮೯೦ರ ದಶಕದಲ್ಲಿ ಕಲಕತ್ತೆಯಲ್ಲಿ ಪ್ರಯೋಗಿಸಿದ ಕಿರುತರಂಗಗಳು ಈ ಜಾತಿಯವೇ. ಆದರೆ ಇವನ್ನು ಗಾಳಿಯ ಆಮ್ಲಜನಕವೂ ಹೀರುವುದು, ಮಳೆಹನಿಯೂ ಹೀರುವುದು. ಆಷಾಢದ ಧಾರೆಯಲ್ಲಿ ಇವು ಕಿಲೋಮೀಟರುಗಟ್ಟಲೆ ನಡೆಯಲಾರವು. ೫ ಗಿಗಾಹರ್ಟ್ಸಿನ ತರಂಗವನ್ನು ಬರಿಯ ಮಳೆ ಅಷ್ಟಾಗಿ ಬಾಧಿಸದು.

ದೂರ ಇಮ್ಮಡಿಯಾದರೆ ತಲಪುವ ಶಕ್ತಿ ನಾಲ್ಕನೆಯ ಒಂದು ಪಾಲಿಗೆ ಇಳಿಯುವುದು. ಆ ಕೊರತೆಯನ್ನು ತುಂಬಲು ದೊಡ್ಡ ತಟ್ಟೆಯ ಆ್ಯಂಟೆನಾ ಬೇಕು. ಆದರೆ ತಟ್ಟೆ ದೊಡ್ಡದಾದಷ್ಟೂ ಅದರ ದೃಷ್ಟಿ ಕೆಲವೇ ಡಿಗ್ರಿಗಳಿಗೆ ಕಿರಿದಾಗುವುದು, ಗಾಳಿಯ ಒತ್ತಡವೂ ಹೆಚ್ಚುವುದು. ಕಂಬ ಸ್ವಲ್ಪ ವಾಲಿದರೂ ಗುರಿ ತಪ್ಪುವುದು. ತೆಂಗಿನ ಮರಕ್ಕೆ ಕಟ್ಟಿದ ಆ್ಯಂಟೆನಾವು ಮರದೊಡನೆ ತೂಗುವುದರಿಂದ ಆ ಉಪಾಯವನ್ನು ಬಿಡತಕ್ಕದ್ದು. ಕಬ್ಬಿಣದ ಕಂಬವನ್ನು ಗಾರೆಯಲ್ಲಿ ಭದ್ರವಾಗಿ ನಿಲ್ಲಿಸಿ ಎಳೆತಂತಿ ಬಿಗಿಯುವುದು ಸುರಕ್ಷಿತ ಮಾರ್ಗ.

ಮಳೆಗಿಂತ ಸಿಡಿಲು ನಮ್ಮ ಸೀಮೆಯ ಯಂತ್ರಗಳಿಗೆ ಹೆಚ್ಚಿನ ಶತ್ರು. ಎತ್ತರದ ಕಂಬವೇ ಅದಕ್ಕೆ ಆಹ್ವಾನ. ಮುರಕಲ್ಲಿನ ಒಣಗುಡ್ಡದಲ್ಲಿ ವಿದ್ಯುತ್ತು ಭೂಮಿಗೆ ಸುಲಭವಾಗಿ ಇಳಿಯದು. ಅರ್ಥಿಂಗಿನ ಗುಂಡಿಯನ್ನು ಆಳವಾಗಿ ತೋಡಿ, ತೇವವುಳ್ಳ ಕಡೆಯಲ್ಲಿ ಮಾಡಬೇಕು. ಕೇಬಲ್ಲಿನ ಎರಡೂ ತುದಿಗಳಿಗೆ ಸಿಡಿಲುರಕ್ಷಕವನ್ನು ಹಾಕಬೇಕು. ಕೇಬಲ್ಲು ಬಿಸಿಲು ತಾಳುವ ಹೊರಾಂಗಣದ ಜಾತಿಯದಾಗಿದ್ದು, ನೂರು ಮೀಟರು ಮೀರಬಾರದು. ಪೆಟ್ಟಿಗೆಯ ಮೇಲೆ ಐಪಿ ೬೫ ಅಥವಾ ಅದಕ್ಕೆ ಮೇಲಿನ ಅಂಕವಿದ್ದರೆ ಧೂಳಿಗೂ ನೀರಿನ ಎರಚಲಿಗೂ ತಡೆಯುಂಟೆಂದು ತಿಳಿಯಬಹುದು. ವಿದ್ಯುತ್ತು ಹೋದಾಗ ಎರಡೂ ತುದಿಗಳು ಬದುಕಿರಬೇಕಾದುದರಿಂದ ಎರಡೂ ಕಡೆ ಬ್ಯಾಟರಿ ಬೇಕು. ಮನೆಯಲ್ಲಿ ಮಾತ್ರ ಇನ್ವರ್ಟರು ಇಟ್ಟು ಗುಡ್ಡದ ತುದಿಯನ್ನು ಮರೆತರೆ ಸಂಪರ್ಕ ಉಳಿಯದು.

ಕೈಯಲ್ಲಿರುವ ಹಣ ಮಿತವಾಗಿದ್ದರೆ ಯಂತ್ರದ ಬೆಲೆಯನ್ನು ಇಳಿಸಿ ಕಂಬ, ಅರ್ಥಿಂಗು, ಬ್ಯಾಟರಿಗಳಿಗೆ ವ್ಯಯಿಸುವುದು ವಿವೇಕ. ದಾರಿ ತೆರವಾಗಿದ್ದರೆ ಸಾಧಾರಣ ಯಂತ್ರವೂ ಐದು ಕಿಲೋಮೀಟರು ನಡೆಯುವುದು. ದಾರಿ ಕಾಣದಿದ್ದರೆ, ಎರಡೂ ಕಡೆ ಕಾಣುವ ಗುಡ್ಡದ ಮೇಲೆ, ಜಾಗದ ಒಡೆಯರ ಅನುಮತಿಯಿಂದ, ನಡುವಣ ಠಾಣೆಯೊಂದನ್ನು ಸೌರಫಲಕದೊಡನೆ ಸ್ಥಾಪಿಸಬಹುದು. ಅದರ ವೆಚ್ಚವನ್ನು ನಾಲ್ಕು ಮನೆಯವರು ಹಂಚಿಕೊಂಡರೆ ಯಾರಿಗೂ ಭಾರವಾಗದು. ಅದೂ ಅಸಾಧ್ಯವಾದರೆ ಯಂತ್ರ ಕೊಳ್ಳದೆ ಫೈಬರಿಗಾಗಿ ಕಾಯುವುದೇ ಒಳಿತು. ಆದ್ದರಿಂದ ಪೇಟೆಗೆ ಹೊರಡುವ ಮುನ್ನ, ಆಕಾಶ ತಿಳಿಯಾದ ಒಂದು ಮುಂಜಾನೆ, ದುರ್ಬೀನು ಹಿಡಿದು ಮನೆಯ ಹಿಂದಣ ಗುಡ್ಡವನ್ನು ಒಮ್ಮೆ ಹತ್ತಿ ನೋಡಬೇಕೆಂದು ಗೃಹಸ್ಥರಲ್ಲಿ ನಮ್ಮ ಬಿನ್ನಹ.