ಮಾಧ್ಯಮ ಸಂಸ್ಥೆಗಳಲ್ಲಿ ದತ್ತಾಂಶ ವಿನ್ಯಾಸ ಮತ್ತು ಆಡಳಿತ

ಸುದ್ದಿ, ಛಾಯಾಚಿತ್ರ, ದೃಶ್ಯ ಹಾಗೂ ಓದುಗರ ಮಾಹಿತಿಯನ್ನು ಯಾವ ರೂಪದಲ್ಲಿ ಸಂಗ್ರಹಿಸಬೇಕು ಮತ್ತು ಪರಸ್ಪರ ಹೇಗೆ ಜೋಡಿಸಬೇಕು ಎಂಬುದನ್ನು ನಿರ್ಧರಿಸುವ ಕೆಲಸವೇ ಮಾಧ್ಯಮ ಸಂಸ್ಥೆಗಳಲ್ಲಿನ ದತ್ತಾಂಶ ವಿನ್ಯಾಸ. ಆ ಮಾಹಿತಿಯನ್ನು ಯಾರು ಸೇರಿಸಬಹುದು, ತಿದ್ದಬಹುದು, ನೋಡಬಹುದು, ಅಳಿಸಬಹುದು ಎಂಬ ನಿಯಮಗಳನ್ನೂ ಹೊಣೆಗಾರಿಕೆಯನ್ನೂ ದತ್ತಾಂಶ ಆಡಳಿತ ಎನ್ನುತ್ತಾರೆ. ವರದಿಯೊಂದು ಮುಂದೆ ಸರಿಯಾದ ಅರ್ಥದಲ್ಲಿ ಮತ್ತೆ ದೊರೆಯುವುದು ಇವೆರಡನ್ನೂ ಅವಲಂಬಿಸಿದೆ.

ಸ್ಥಳನಾಮಗಳು

ರಾಯಚೂರು ಜಿಲ್ಲೆಯ ಸ್ಥಳನಾಮಗಳು ಇದಕ್ಕೆ ಉದಾಹರಣೆ. ಲಿಂಗಸುಗೂರು, ಲಿಂಗಸೂಗೂರು ಎಂಬ ಎರಡೂ ರೂಪಗಳು ಬಳಕೆಯಲ್ಲಿವೆ. ಒಂದನ್ನು ಹುಡುಕಿದವರಿಗೆ ಇನ್ನೊಂದರಲ್ಲಿ ಬರೆದ ವರದಿ ಸಿಗದೆ ಹೋಗಬಹುದು. ಮಸ್ಕಿ ಒಂದು ಪಟ್ಟಣ. 1915ರಲ್ಲಿ ಅಲ್ಲಿ ಪತ್ತೆಯಾದ ಅಶೋಕನ ಶಾಸನಕ್ಕೂ, 2008ರ ಕ್ಷೇತ್ರ ಮರುವಿಂಗಡಣೆಯಿಂದ ರೂಪುಗೊಂಡ ವಿಧಾನಸಭಾ ಕ್ಷೇತ್ರಕ್ಕೂ, ಆನಂತರ ರಚನೆಯಾದ ತಾಲ್ಲೂಕಿಗೂ ಅದೇ ಹೆಸರಿದೆ. 2021ರ ಉಪಚುನಾವಣೆಯ ವರದಿಗಳಲ್ಲಿ ಮಸ್ಕಿ ಎಂದರೆ ಕ್ಷೇತ್ರ. 2004ರ ಚುನಾವಣೆಯಲ್ಲಿ ಆ ಕ್ಷೇತ್ರವೇ ಇರಲಿಲ್ಲ. ಆದ್ದರಿಂದ ಪ್ರತಿಯೊಂದಕ್ಕೂ ಪ್ರತ್ಯೇಕ ಗುರುತಿನ ಸಂಖ್ಯೆ ನೀಡಿ, ಹೆಸರಿನ ಪರ್ಯಾಯ ರೂಪಗಳನ್ನೂ ಅನ್ವಯವಾಗುವ ಅವಧಿಯನ್ನೂ ದಾಖಲಿಸಲಾಗುತ್ತದೆ. 2019ರಲ್ಲಿ ಹೈದರಾಬಾದ್ ಕರ್ನಾಟಕವು ಕಲ್ಯಾಣ ಕರ್ನಾಟಕವಾದಾಗಲೂ ಇದೇ ಕ್ರಮ ಅನ್ವಯಿಸುತ್ತದೆ: ಹಳೆಯ ವರದಿಯ ಪಠ್ಯವನ್ನು ಬದಲಿಸದೆ, ಎರಡೂ ಹೆಸರುಗಳನ್ನು ಒಂದೇ ಗುರುತಿಗೆ ಜೋಡಿಸಬೇಕು.

ಅಕ್ಷರ ಸಂಕೇತ

ಯುನಿಕೋಡ್‌ನ 1991ರ ಮೊದಲ ಆವೃತ್ತಿಯಲ್ಲೇ ಕನ್ನಡ ಲಿಪಿಗೆ ಸ್ಥಾನ ದೊರೆತಿತ್ತು. ಆದರೂ ಪುಟವಿನ್ಯಾಸದಲ್ಲಿ ಬೇರೆ ಸಂಕೇತಗಳ ಫಾಂಟುಗಳು ಬಹುಕಾಲ ಬಳಕೆಯಲ್ಲಿದ್ದವು. ಅಂತಹ ಪಠ್ಯ ತನ್ನ ಫಾಂಟಿನಲ್ಲಿ ಸರಿಯಾಗಿ ಕಂಡರೂ ಯುನಿಕೋಡ್ ಹುಡುಕಾಟಕ್ಕೆ ಸಿಗುವುದಿಲ್ಲ. ಅದನ್ನು ಪರಿವರ್ತಿಸಿ, ಒತ್ತಕ್ಷರಗಳು ಕೆಟ್ಟಿವೆಯೇ ಎಂದು ಮುದ್ರಿತ ಪುಟದೊಂದಿಗೆ ಹೋಲಿಸಿ ನೋಡಬೇಕಾಗುತ್ತದೆ.

ತಿದ್ದುಪಡಿ ಮತ್ತು ಖಾಸಗಿತನ

ಒಬ್ಬರ ಬಂಧನದ ವರದಿ ಉಳಿದು, ಖುಲಾಸೆಯ ವರದಿ ಅದಕ್ಕೆ ಜೋಡಣೆಯಾಗದಿದ್ದರೆ ಹುಡುಕುವವರಿಗೆ ಅರ್ಧಸತ್ಯವಷ್ಟೇ ದೊರೆಯುತ್ತದೆ. ಇಂತಹ ಜೋಡಣೆಯ ಹೊಣೆ ಯಾರದೆಂದು ಮೊದಲೇ ಗೊತ್ತುಪಡಿಸುವುದು ಆಡಳಿತದ ಭಾಗ. ತಾಂತ್ರಿಕ ಸಿಬ್ಬಂದಿ ವ್ಯವಸ್ಥೆಯನ್ನು ರೂಪಿಸಿದರೂ, ಪದದ ಅರ್ಥ ಮತ್ತು ತಿದ್ದುಪಡಿಯ ತೀರ್ಮಾನ ಸಂಪಾದಕೀಯ ವಿಭಾಗಕ್ಕೆ ಸೇರಿದ್ದು.

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2017ರಲ್ಲಿ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಎತ್ತಿಹಿಡಿಯಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಸಮ್ಮತಿ ಪಡೆಯುವಾಗ ಉದ್ದೇಶವನ್ನು ತಿಳಿಸಬೇಕೆಂದು ವಿಧಿಸುತ್ತದೆ. ಹೀಗಾಗಿ ಚಂದಾದಾರರ ವೈಯಕ್ತಿಕ ವಿವರಗಳನ್ನು ಸುದ್ದಿ ಸಂಗ್ರಹದಿಂದ ಬೇರ್ಪಡಿಸಿ ಇಡುವುದು ಉತ್ತಮ ವಿನ್ಯಾಸದ ಲಕ್ಷಣವೆನಿಸಿದೆ.