ಮರಿ ಎದಿಯೊಳಗ ಮಷಿನ್ ಸದ್ದು

ಹಾಸ್ಟೆಲ್ ಮೆಸ್ ಹಿಂದೆ ಹುಟ್ಟುವ ನಾಯಿಮರಿಗಳಲ್ಲಿ ಒಂದು ಮಾತ್ರ ಬೆಳೆಯದೆ ಸಣ್ಣದಾಗಿ ಉಳಿದು, ನಾಲ್ಕು ಹೆಜ್ಜೆ ಓಡಿದ್ರ ಏದುಸಿರು ಬಿಡುತ್ತಿದ್ದರೆ ನಾವು ಏನಂತೀವಿ? "ಹಾಲು ಸಾಕಾಗಿಲ್ಲ ಬಿಡ್ಲೇ." ಬಹಳ ಸಲ ಅದೇ ಕಾರಣ, ಇಲ್ಲಾ ಹೊಟ್ಟೆಹುಳ. ಆದರೆ ಒಮ್ಮೊಮ್ಮೆ ತೊಂದರೆ ಹೃದಯದ ಪ್ಲಂಬಿಂಗ್‌ನಲ್ಲೇ ಇರುತ್ತದೆ. ಅದನ್ನು ಎದೆ ಕೊಯ್ಯದೆ ಸರಿಮಾಡುವ ವಿಧಾನದಲ್ಲಿ ನಮ್ಮ ಮೆಕ್ಯಾನಿಕಲ್ ಸಿಲೆಬಸ್‌ನ ಅರ್ಧ ಅಡಗಿದೆ.

ತಾಯಿ ಹೊಟ್ಟೆಯೊಳಗೆ ಮರಿ ಉಸಿರಾಡುವುದಿಲ್ಲ, ಹಾಗಾಗಿ ಶ್ವಾಸಕೋಶಕ್ಕೆ ಹೆಚ್ಚು ರಕ್ತ ಬೇಡ. ಶ್ವಾಸಕೋಶದ ಅಪಧಮನಿಯಿಂದ ಮಹಾಪಧಮನಿಗೆ ಒಂದು ಬೈಪಾಸ್ ಕೊಳವೆ ಇರುತ್ತದೆ. ಹುಟ್ಟಿದ ಕೆಲ ದಿನಗಳಲ್ಲಿ ಅದು ತಾನೇ ಮುಚ್ಚಬೇಕು. ಕೊಳವೆಯ ಗೋಡೆಯಲ್ಲಿ ಸ್ನಾಯು ಸಾಕಷ್ಟಿಲ್ಲದಿದ್ದರೆ ಮುಚ್ಚುವುದಿಲ್ಲ. ಇದಕ್ಕೆ ಪಿಡಿಎ ಅನ್ನುತ್ತಾರೆ. ಪೊಮೇರಿಯನ್, ಪೂಡಲ್, ಜರ್ಮನ್ ಶೆಫರ್ಡ್‌ಗಳಲ್ಲಿ ಹೆಚ್ಚು. ಗಂಡಿಗಿಂತ ಹೆಣ್ಣುಮರಿಗಳಲ್ಲಿ ಹೆಚ್ಚು.

ಈಗ ಲೆಕ್ಕ ನೋಡ್ರಿ. ಮಹಾಪಧಮನಿಯಲ್ಲಿ ಒತ್ತಡ ಸುಮಾರು 120/80, ಶ್ವಾಸಕೋಶದ ಅಪಧಮನಿಯಲ್ಲಿ 25/10. ಹೃದಯ ಹಿಂಡಿದಾಗಲೂ, ಸಡಿಲಾದಾಗಲೂ ಒಂದು ಕಡೆ ಒತ್ತಡ ಜಾಸ್ತಿಯೇ. ಹಾಗಾಗಿ ರಕ್ತ ಬಿಡುವಿಲ್ಲದೆ ಸೋರುತ್ತದೆ, ಸದ್ದೂ ಬಿಡುವಿಲ್ಲದೆ ಬರುತ್ತದೆ. ಡಾಕ್ಟರುಗಳೇ ಇದನ್ನು ಮಷಿನರಿ ಮರ್ಮರ್ ಅಂತ ಕರೆದಿದ್ದಾರೆ. ಎಡ ಮುಂಗಾಲಿನ ಕಂಕುಳ ಹತ್ತಿರ ಅಂಗೈ ಇಟ್ಟರೆ ಬಹಳ ಮರಿಗಳಲ್ಲಿ ಗುರ್ರ್ ಅನ್ನೋ ಕಂಪನ ಕೈಗೇ ಹತ್ತುತ್ತದೆ. ಸೋರಿದ ರಕ್ತ ಶ್ವಾಸಕೋಶ ಸುತ್ತಿ ಮತ್ತೆ ಎಡ ಹೃದಯಕ್ಕೇ ಬರುವುದರಿಂದ ಆ ಪಂಪು ಎರಡು ಪಾಳಿ ದುಡಿದು ಹಿಗ್ಗುತ್ತದೆ. ಚಿಕಿತ್ಸೆ ಇಲ್ಲದಿದ್ದರೆ ಅರ್ಧಕ್ಕಿಂತ ಹೆಚ್ಚು ಮರಿಗಳು ವರ್ಷ ತುಂಬುವುದರೊಳಗೆ ಹೋಗಿಬಿಡುತ್ತವೆ.

ಮೊದಲಿನ ದಾರಿ ಅಂದರೆ ಪಕ್ಕೆಲುಬುಗಳ ನಡುವೆ ಕೊಯ್ದು ಕೊಳವೆಗೆ ದಾರ ಕಟ್ಟುವುದು. ಈಗಿನ ದಾರಿ ತೊಡೆಯ ಅಪಧಮನಿಯಿಂದ. ಸಣ್ಣ ಕ್ಯಾತಿಟರ್ ಅನ್ನು ಎಕ್ಸ್‌ರೇ ಪರದೆ ನೋಡುತ್ತಾ ಮೇಲಕ್ಕೆ ತಳ್ಳಿ, ಕೊಳವೆಯೊಳಗೆ ನಿಟಿನಾಲ್ ಜಾಳಿಗೆಯ ಬಿರಡೆ ಬಿಡುತ್ತಾರೆ. ನಾಯಿಗಳಿಗೆಂದೇ ಮಾಡಿದ ಈ ಬಿರಡೆಯ ಹೆಸರು ಆಂಪ್ಲಾಟ್ಜ್ ಕೆನೈನ್ ಡಕ್ಟ್ ಆಕ್ಲೂಡರ್. ಒಂದು ಕಡೆ ಚಪ್ಪಟೆ ತಟ್ಟೆ, ಇನ್ನೊಂದು ಕಡೆ ಬಟ್ಟಲಿನಂಥ ತಟ್ಟೆ, ನಡುವೆ ಸಣ್ಣ ಸೊಂಟ. ಕೊಳವೆಯ ಅತಿ ಕಿರಿದಾದ ಜಾಗದ ಅಳತೆಗಿಂತ ಒಂದೂವರೆಯಿಂದ ಎರಡು ಪಟ್ಟು ದೊಡ್ಡ ಸೊಂಟದ್ದನ್ನು ಆರಿಸುತ್ತಾರೆ. ನಮ್ಮ ಭಾಷೆಯಲ್ಲಿ ಇಂಟರ್‌ಫಿಯರೆನ್ಸ್ ಫಿಟ್.

ನಿಟಿನಾಲ್ ಅಂದರೆ ನಿಕಲ್ ಮತ್ತು ಟೈಟೇನಿಯಂ. ಸಾಮಾನ್ಯ ಉಕ್ಕನ್ನು ಶೇಕಡಾ 1ರಷ್ಟು ಎಳೆದರೂ ಪೂರ್ತಿ ಹಿಂದಕ್ಕೆ ಬರೋದಿಲ್ಲ; ಇದು ಶೇಕಡಾ 8ರ ಹತ್ತಿರ ಎಳೆದರೂ ಮೊದಲಿನ ಆಕಾರಕ್ಕೆ ಮರಳುತ್ತದೆ. ಒತ್ತಡ ಬಿದ್ದಾಗ ಆಸ್ಟೆನೈಟ್ ಮಾರ್ಟೆನ್ಸೈಟ್ ಆಗುತ್ತದೆ, ಬಿಟ್ಟಾಗ ವಾಪಸ್. ಮಟೀರಿಯಲ್ ಸೈನ್ಸ್‌ನಲ್ಲಿ ಪರೀಕ್ಷೆಗಾಗಿ ಬಾಯಿಪಾಠ ಮಾಡಿದ ಆ ಗ್ರಾಫು ಒಂದು ಮರಿಯ ಜೀವ ಉಳಿಸುತ್ತದೆ ಅಂತ ಯಾರೂ ನಮಗೆ ಹೇಳಲಿಲ್ಲ! ಬಿರಡೆ ಕೇಬಲ್‌ನ ತುದಿಗೆ ಸ್ಕ್ರೂ ಆಗಿರುತ್ತದೆ. ಸ್ವಲ್ಪ ಎಳೆದು ನೋಡಿ, ಬಣ್ಣದ್ರವ ಬಿಟ್ಟು ಸೋರಿಕೆ ನೋಡಿ, ಸರಿ ಇದ್ದರೆ ತಿರುಗಿಸಿ ಬಿಡಿಸುತ್ತಾರೆ. ಸರಿ ಇಲ್ಲಾಂದ್ರ ಒಳಗೆಳೆದು ಮತ್ತೆ ಶುರು. ಕೊಳವೆ ಪೂರ್ತಿ ಮುಚ್ಚಿತೆಂದರೆ ಆ ಮಷಿನ್ ಸದ್ದು ನಿಲ್ಲುತ್ತದೆ.

ಇನ್ನೊಂದು ಹುಟ್ಟುದೋಷದಲ್ಲಿ ಶ್ವಾಸಕೋಶದ ಕಡೆಯ ಕವಾಟದ ಹಾಳೆಗಳು ಅಂಟಿಕೊಂಡಿರುತ್ತವೆ. ಅಲ್ಲಿ ಬಲೂನ್ ಉಬ್ಬಿಸಿ ಬಿಡಿಸುತ್ತಾರೆ. ಎಷ್ಟು ಬಿಗಿ ಇದೆ ಅನ್ನೋದಕ್ಕೆ ಬರ್ನೌಲಿ ಸಾಕು. ರಕ್ತದ ಸಾಂದ್ರತೆ ಘನ ಮೀಟರಿಗೆ ಸುಮಾರು 1060 ಕೆಜಿ, ಅರ್ಧ ಮಾಡಿದರೆ 530, 1 ಮಿಮೀ ಪಾದರಸ ಅಂದರೆ 133 ಪಾಸ್ಕಲ್, ಭಾಗಿಸಿದರೆ 4. ಎಕೋ ಮಾಡಿದಾಗ ರಕ್ತದ ವೇಗ ಸೆಕೆಂಡಿಗೆ 5 ಮೀಟರ್ ಬಂದರೆ ವರ್ಗ 25, ಗುಣಿಲೆ 4, ಒತ್ತಡದ ವ್ಯತ್ಯಾಸ 100 ಮಿಮೀ. 80 ದಾಟಿದರೆ ತೀವ್ರ. ಕೆಲವು ಬುಲ್‌ಡಾಗ್‌ಗಳಲ್ಲಿ ಹೃದಯದ ರಕ್ತನಾಳವೇ ಆ ಜಾಗಕ್ಕೆ ಸುತ್ತಿಕೊಂಡಿರುತ್ತದೆ. ಅಲ್ಲಿ ಬಲೂನ್ ಉಬ್ಬಿಸಿದರೆ ಜೀವಕ್ಕೇ ಕುತ್ತು, ಅದನ್ನು ಮೊದಲೇ ನೋಡಿಕೊಳ್ಳಬೇಕು.

ಮಿತಿ ಇನ್ನೂ ಅದಾವ. ಎರಡೂವರೆ–ಮೂರು ಕೆಜಿಗಿಂತ ಸಣ್ಣ ಮರಿಯ ತೊಡೆಯ ನಾಳಕ್ಕೆ ಈ ಬಿರಡೆಯ ಕ್ಯಾತಿಟರ್ ಹಿಡಿಸುವುದು ಕಷ್ಟ. ಅಲ್ಲಿ ದಾರ ಕಟ್ಟುವುದೇ ವಾಸಿ. ಬಿರಡೆ, ಸಿ–ಆರ್ಮ್ ಎಕ್ಸ್‌ರೇ, ಅರಿವಳಿಕೆ, ಕೈಪಳಗಿದವರು ಎಲ್ಲಾ ಒಂದೇ ಕಡೆ ಸಿಗಬೇಕು. ಮನುಷ್ಯರಿಗೆ ಕ್ಯಾಥ್‌ಲ್ಯಾಬ್ ನಮ್ಮ ಅವಳಿ ನಗರದಾಗೂ ಅದಾವ. ನಾಯಿಗಳಿಗೆ ದೇಶದಲ್ಲೇ ಇದು ಹೊಸತು. ದೆಹಲಿಯ ಮ್ಯಾಕ್ಸ್ ಪೆಟ್ಜ್ ಆಸ್ಪತ್ರೆಯಲ್ಲಿ 2024ರ ಮೇ ತಿಂಗಳಲ್ಲಿ ಜೂಲಿಯೆಟ್ ಎಂಬ 7 ವರ್ಷದ ಬೀಗಲ್‌ಗೆ, ಹೃದಯ ಮಿಡಿಯುತ್ತಿರುವಾಗಲೇ, ಸೋರುವ ಮೈಟ್ರಲ್ ಕವಾಟಕ್ಕೆ ಕ್ಲಿಪ್ ಹಾಕಿದರು. ಅದು ಹುಟ್ಟುದೋಷವಲ್ಲ.

ಎಲ್ಲಕ್ಕಿಂತ ಕೆಟ್ಟದ್ದು ತಡ. ಕೆಲವು ಮರಿಗಳಲ್ಲಿ ಶ್ವಾಸಕೋಶದ ಒತ್ತಡ ಏರಿ ಏರಿ ಮಹಾಪಧಮನಿಯದ್ದನ್ನೇ ಮೀರಿ, ಹರಿವು ತಿರುಗಿಬಿಡುತ್ತದೆ. ಆಗ ಒಸಡು ಗುಲಾಬಿ, ದೇಹದ ಹಿಂಭಾಗ ನೀಲಿ. ಆ ಹಂತದಲ್ಲಿ ಕೊಳವೆ ಮುಚ್ಚುವಂತಿಲ್ಲ, ಬಲ ಹೃದಯಕ್ಕೆ ಅದೊಂದೇ ಉಸಿರುಕಂಡಿ. ಸದ್ದೂ ಅಡಗಿರುತ್ತದೆ, ಮೇಲಿಂದ ಎಲ್ಲಾ ಆರಾಮ ಐತಿ ಅನ್ನಿಸುತ್ತದೆ.

ಹಾಗಾಗಿ ಮರಿಗೆ ಮೊದಲನೇ ಲಸಿಕೆ ಹಾಕಿಸಲು ಪಶು ಆಸ್ಪತ್ರೆಗೆ ಹೋದಾಗ "ಸರ, ಎಡಗಡೆ ಕಂಕುಳ ಹತ್ರ ಸ್ವಲ್ಪ ಸ್ಟೆತೊಸ್ಕೋಪ್ ಇಟ್ಟು ನೋಡ್ರಿ" ಅಂತ ಕೇಳ್ರಿ. ಎರಡು ನಿಮಿಷದ ಕೆಲಸ. ಸದ್ದು ಕೇಳಿಸಿದರೆ ಎಕೋ ಎಲ್ಲಿ ಮಾಡುತ್ತಾರೆ ಅಂತ ಅವರನ್ನೇ ಕೇಳಿ, ಅದೇ ವಾರ ಹೊರಡ್ರಿ.